ಗಾಂಧಾರವಿಲ್ಲದ ಮಟ್ಟು, ಲ್ಯೂಟಿನ ಖಾಲಿ ತಂತಿ

ಮೂಲ

೧. ಸ , ರಿ ಮ | ಪ , ಮ ರಿ | ಸ , ರಿ ಸ | .ಪ , ಸ ,
೨. .ನಿ , ಸ ರಿ | ಮ , ರಿ .ನಿ | ಸ , ರಿ .ನಿ | .ಪ , , ,
೩. ಪ , ಮ ಪ | ಮ ರಿ , , | ಪ , ಮ ರಿ | ರಿ ಸ , ,
೪. .ನಿ , ಸ ರಿ | ಮ , ರಿ .ನಿ | ಸ , .ನಿ ಸ | ರಿ , , ,

ಈ ನಾಲ್ಕು ಸಾಲು ಯಾವ ಹಸ್ತಪ್ರತಿಯಲ್ಲೂ ಸಿಗುವುದಿಲ್ಲ. ಸ್ಕಾಟ್ಲೆಂಡಿನ ಹಳೆಯ ಮಟ್ಟುಗಳಲ್ಲಿ ಮತ್ತೆ ಮತ್ತೆ ಎದುರಾಗುವ ನಡೆಗಳನ್ನು ಕೂಡಿಸಿ ವ್ಯಾಖ್ಯಾನಕ್ಕೆಂದೇ ನಾನು ಹೆಣೆದದ್ದು. ಸ್ವರದ ಹಿಂದಿನ ಚುಕ್ಕೆ ಮಂದ್ರಸ್ಥಾಯಿಯನ್ನು ತೋರಿಸುತ್ತದೆ. ಅಲ್ಪವಿರಾಮ ಒಂದು ಅಕ್ಷರಕಾಲದ ಎಳೆತ. ರಿಷಭ ಚತುಶ್ರುತಿ, ಮಧ್ಯಮ ಶುದ್ಧ, ನಿಷಾದ ಕೈಶಿಕಿ. ಗಾಂಧಾರವೂ ಧೈವತವೂ ಇಲ್ಲ. ನಮ್ಮ ಕಿವಿಗೆ ಇದು ಮಧ್ಯಮಾವತಿಯ ಸ್ವರಗಳ ಸಾಲು. ಹೆಸರನ್ನು ಅನುಕೂಲಕ್ಕಾಗಿ ಬಳಸುತ್ತೇನೆ, ಅಷ್ಟೇ. ಇಲ್ಲಿ ಗಮಕವಿಲ್ಲ, ಆಲಾಪನೆಗೆ ಎಡೆಯಿಲ್ಲ. ಕಛೇರಿಯ ಕೊನೆಯಲ್ಲಿ ಮಂಗಳಕ್ಕೆ ಕೂರುವ ರಾಗದ ಗುಣವನ್ನು ಇದರಲ್ಲಿ ಹುಡುಕಿದರೆ ನಿರಾಶೆಯೇ. ರಿಷಭದ ಮೇಲೆ ನಿಂತು ಮುಗಿಯುವ ಈ ಮಟ್ಟನ್ನು ಯಾವ ವಿದ್ವಾಂಸರೂ ಒಪ್ಪಲಾರರು.

ಇನ್ನು ವಾದ್ಯ. ಹದಿನಾರು, ಹದಿನೇಳನೆಯ ಶತಮಾನದ ಲ್ಯೂಟಿಗೆ ಆರು ಜೋಡಿ ತಂತಿ ಮೂಲಬಲ, ಅದಕ್ಕೂ ಕೆಳಗೆ ಒಂದೋ ಹೆಚ್ಚೋ ಮಂದ್ರದ ಜೋಡಿಗಳು. ಎಲ್ಲಕ್ಕಿಂತ ಮೇಲಿನದು ಒಂಟಿ ತಂತಿ, ಆದರೂ ಲೆಕ್ಕಕ್ಕೆ ಅದೂ ಒಂದು ಜೋಡಿಯೇ. ತಂತಿ ಕರುಳಿನದು, ಕುತ್ತಿಗೆಗೆ ಸುತ್ತಿ ಕಟ್ಟಿದ ಫ್ರೆಟ್ಟೂ ಕರುಳಿನದೇ, ಬೇಕಾದರೆ ಕೂದಲೆಳೆಯಷ್ಟು ಸರಿಸಬಹುದು. ಕೆಳಗಿನಿಂದ ಮೇಲಕ್ಕೆ ಶ್ರುತಿ ಮಾಡುವ ಕ್ರಮ ಹೀಗೆ: ಆರನೆಯ ಜೋಡಿಯನ್ನು ಷಡ್ಜ ಎಂದುಕೊಂಡರೆ ಐದನೆಯದು ಮಧ್ಯಮ, ನಾಲ್ಕನೆಯದು ನಿಷಾದ, ಮೂರನೆಯದು ಮೇಲಿನ ರಿಷಭ, ಎರಡನೆಯದು ಪಂಚಮ, ಒಂದನೆಯದು ಆರನೆಯದಕ್ಕಿಂತ ಎರಡು ಸ್ಥಾಯಿ ಮೇಲಿನ ಷಡ್ಜ. ಸ, ಮ, ನಿ, ರಿ, ಪ, ಸ. ಎಡಗೈ ಮುಟ್ಟದೆ ಆರು ಜೋಡಿಯನ್ನೂ ಬಲಗೈಯಿಂದ ಸವರಿದರೆ ನಮ್ಮ ಮೂಲದ ಐದು ಸ್ವರಗಳೂ ಕೇಳುತ್ತವೆ, ಆರನೆಯದೊಂದು ಸ್ವರ ಕೇಳುವುದಿಲ್ಲ. ಇದನ್ನು ಯಾರೂ ಸ್ಕಾಟ್ಲೆಂಡಿಗಾಗಿ ಮಾಡಿದ್ದಲ್ಲ. ಯೂರೋಪಿನ ಅರ್ಧಭಾಗ ಬಳಸುತ್ತಿದ್ದ ಶ್ರುತಿ ಅದು. ಆದರೂ ಇಂಥ ಮಟ್ಟುಗಳನ್ನು ಲ್ಯೂಟಿಗೆ ಕೂರಿಸುವವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇಕಿಲ್ಲ. ಮುಂದಿನ ವ್ಯಾಖ್ಯಾನವೆಲ್ಲ ಷಡ್ಜವನ್ನು ಒಂದನೆಯ ತಂತಿಯ ಮೇಲೆ ಖಾಲಿಯಾಗಿ ಇಟ್ಟುಕೊಂಡು, ಏಳನೆಯ ಜೋಡಿಯನ್ನು ಅತಿಮಂದ್ರ ನಿಷಾದಕ್ಕೆ ಇಳಿಸಿಕೊಂಡ ಲ್ಯೂಟಿಗಾಗಿ.

ಮೊದಲ ಸಾಲು

‘ಸ , ರಿ ಮ | ಪ , ಮ ರಿ’: ಷಡ್ಜದಿಂದ ಪಂಚಮಕ್ಕೆ ಏರಿ ಇಳಿಯುವ ನಡೆ. ರಿಷಭದಿಂದ ನೇರ ಮಧ್ಯಮಕ್ಕೆ ಜಿಗಿತ. ಆ ಜಿಗಿತದಲ್ಲೇ ಇಡೀ ಸಮಸ್ಯೆ ಅಡಗಿದೆ.

ಪಾಶ್ಚಾತ್ಯ ಹಾರ್ಮನಿಯಲ್ಲಿ ಕಾರ್ಡ್ ಎಂದರೆ ಕನಿಷ್ಠ ಮೂರು ಸ್ವರ: ಆಧಾರ ಸ್ವರ, ಅದರ ಗಾಂಧಾರ, ಅದರ ಪಂಚಮ. ನಡುವಿನ ಗಾಂಧಾರವೇ ಕಾರ್ಡಿಗೆ ಮುಖಭಾವ ಕೊಡುವುದು. ಅಂತರ ಗಾಂಧಾರವಾದರೆ ಮೇಜರ್, ಸಾಧಾರಣವಾದರೆ ಮೈನರ್. ನಮ್ಮ ಮಟ್ಟಿನಲ್ಲಿ ಗಾಂಧಾರವೇ ಇಲ್ಲ. ಹಾಗಾದರೆ ಇದು ಮೇಜರೋ ಮೈನರೋ? ಮಟ್ಟು ಹೇಳುವುದಿಲ್ಲ. ಹೇಳದೆ ಇರುವುದೇ ಅದರ ಸ್ವಭಾವ. ಮೂರನೆಯ ಜೋಡಿಯ ಮೊದಲ ಫ್ರೆಟ್ ಒತ್ತಿದರೆ ಸಾಧಾರಣ ಗಾಂಧಾರ ಸಿಗುತ್ತದೆ, ಎರಡನೆಯದನ್ನು ಒತ್ತಿದರೆ ಅಂತರ. ಒಂದು ಬೆರಳಿನ ಕೆಲಸ. ಆ ಬೆರಳು ಇಳಿದ ಕ್ಷಣಕ್ಕೆ ಮಟ್ಟು ಬಿಟ್ಟಿದ್ದ ಪ್ರಶ್ನೆಗೆ ನಾವು ಉತ್ತರ ಕೊಟ್ಟಂತಾಯಿತು. ನಾನಾದರೆ ಇಡುವುದಿಲ್ಲ. ಆರನೆಯ ಜೋಡಿ ಖಾಲಿ, ಎರಡನೆಯದು ಖಾಲಿ, ಒಂದನೆಯದು ಖಾಲಿ: ಸ, ಪ, ಸ. ಎಡಗೈಗೆ ಕೆಲಸವೇ ಇಲ್ಲ. ಬಲಗೈ ಹೆಬ್ಬೆರಳು ಮಂದ್ರಕ್ಕೆ, ತೋರುಬೆರಳೂ ನಡುಬೆರಳೂ ಮೇಲಿನ ಎರಡಕ್ಕೆ.

ಗಾಂಧಾರವನ್ನು ತುಂಬುವ ಚಟ ಹಳೆಯದು. ಎಡಿನ್‌ಬರೋದ ಜಾರ್ಜ್ ಥಾಮ್ಸನ್ ಸ್ಕಾಟ್ಲೆಂಡಿನ ಮಟ್ಟುಗಳನ್ನು ಹೈಡನ್, ಬೀಥೋವನ್, ಪ್ಲೆಯೆಲ್, ಹುಮ್ಮೆಲ್ ಮೊದಲಾದವರಿಗೆ ಕಳಿಸಿ ಪಿಯಾನೊ, ಪಿಟೀಲು, ಚೆಲ್ಲೊಗಳ ಪಕ್ಕವಾದ್ಯ ಬರೆಸಿಕೊಂಡ. ಬೀಥೋವನ್‌ಗೆ ಹಲವು ಸಲ ಮಟ್ಟು ಮಾತ್ರ ಹೋಗುತ್ತಿತ್ತು, ಹಾಡಿನ ಮಾತು ಹೋಗುತ್ತಿರಲಿಲ್ಲ. ಅವನು ಪತ್ರದಲ್ಲಿ ಗೊಣಗಿದ್ದೂ ಉಂಟು. ಅವನ ಇಪ್ಪತ್ತೈದು ಸ್ಕಾಟಿಷ್ ಹಾಡುಗಳ ಸಂಪುಟ 1818ರಲ್ಲಿ ಬಂತು. ಕೇಳಲು ಚೆಂದವೇ. ಆದರೆ ಅಲ್ಲಿ ಮಟ್ಟಿನ ಪ್ರತಿ ಸಂದಿಗೂ ವಿಯೆನ್ನಾದ ಗಾರೆ ಮೆತ್ತಿದೆ. ಅದಕ್ಕೂ ಮುಂಚೆ, 1787ರಿಂದ 1803ರವರೆಗೆ ಆರು ಸಂಪುಟಗಳಲ್ಲಿ ಆರುನೂರು ಹಾಡುಗಳನ್ನು ಅಚ್ಚು ಹಾಕಿದ ಜೇಮ್ಸ್ ಜಾನ್ಸನ್ನನ ‘ಸ್ಕಾಟ್ಸ್ ಮ್ಯೂಸಿಕಲ್ ಮ್ಯೂಸಿಯಂ’ ಹೆಚ್ಚು ಸಂಯಮ ತೋರಿಸಿತ್ತು: ಒಂದು ಮಟ್ಟು, ಕೆಳಗೊಂದು ಬೇಸ್ ಸಾಲು, ಮುಗಿಯಿತು. ಕವಿ ರಾಬರ್ಟ್ ಬರ್ನ್ಸ್ ಮೈಮರೆತು ದುಡಿದದ್ದು ಈ ಸಂಪುಟಗಳಿಗೆ.

ಇನ್ನೂ ಹಿಂದಕ್ಕೆ, ಲ್ಯೂಟಿನ ಕಾಲಕ್ಕೇ ಹೋದರೆ ಸಂಯಮ ಇನ್ನೂ ಗಟ್ಟಿ. ಸ್ಕೀನ್ ಹಸ್ತಪ್ರತಿ ಎಂದು ಹೆಸರಾದ, ಹದಿನೇಳನೆಯ ಶತಮಾನದ ಮೊದಲರ್ಧದ ಪುಸ್ತಕ ಐದು ಜೋಡಿಯ ಮ್ಯಾಂಡೋರ್ ಎಂಬ ಪುಟ್ಟ ಲ್ಯೂಟಿಗೆ ಬರೆದದ್ದು. ‘ಫ್ಲವರ್ಸ್ ಆಫ್ ದಿ ಫಾರೆಸ್ಟ್’ನ ಹಳೆಯ ರೂಪ ಉಳಿದಿರುವುದು ಅದರಲ್ಲೇ. 1838ರಲ್ಲಿ ವಿಲಿಯಂ ಡಾನಿ ಅದನ್ನು ಅಚ್ಚಿಗೆ ತಂದ. ಆ ಪುಟಗಳಲ್ಲಿ ಬಹುಪಾಲು ಒಂಟಿ ಸ್ವರಗಳೇ ಸಾಗುತ್ತವೆ. ಅಲ್ಲೊಂದು ಇಲ್ಲೊಂದು ಕಡೆ ಕೈಗೆ ಸುಲಭವಾಗಿ ಸಿಕ್ಕ ಕಾರ್ಡ್. ಬರೆದವನಿಗೆ ಹಾರ್ಮನಿ ಗೊತ್ತಿರಲಿಲ್ಲ ಎಂದು ಹತ್ತೊಂಬತ್ತನೆಯ ಶತಮಾನದವರು ಮೂಗು ಮುರಿದರೆ ಆಶ್ಚರ್ಯವಿಲ್ಲ. ನನಗೇನೋ ಅವನಿಗೆ ಸಾಕಷ್ಟು ಗೊತ್ತಿತ್ತು ಎಂದೇ ಅನಿಸುತ್ತದೆ.

‘ಪ’: ಒಂದನೆಯ ತಂತಿಯ ಏಳನೆಯ ಫ್ರೆಟ್. ಎಡಗೈ ಅಷ್ಟು ಮೇಲೆ ಹೋದಾಗ ಕೆಳಗೆ ಬೇರೆ ಯಾವುದನ್ನೂ ಒತ್ತಲು ಬೆರಳು ಎಟುಕುವುದಿಲ್ಲ. ಮಂದ್ರ ಷಡ್ಜ ಖಾಲಿ ತಂತಿಯಾದ್ದರಿಂದ ಎಟುಕಬೇಕಾಗಿಯೂ ಇಲ್ಲ. ಷಡ್ಜವನ್ನು ಒಂದೇ ಒಂದು ಸ್ವರ ಮೇಲಕ್ಕೆ ಸರಿಸಿದರೂ ಈ ಸುಖ ಹೋಗುತ್ತದೆ; ಮಂದ್ರವನ್ನು ಒತ್ತಿ ಹಿಡಿದೇ ಮೇಲೇರಬೇಕಾಗುತ್ತದೆ, ಮಟ್ಟು ತಡವರಿಸುತ್ತದೆ. ಲ್ಯೂಟಿಗೆ ಮಟ್ಟು ಕೂರಿಸುವವನು ಮೊದಲು ತೀರ್ಮಾನಿಸಬೇಕಾದದ್ದು ಷಡ್ಜ ಎಲ್ಲಿ ಎಂಬುದನ್ನು. ಯಾವ ಕಾರ್ಡ್ ಎಂಬ ಮಾತು ಆಮೇಲೆ.

‘ಸ , ರಿ ಸ | .ಪ , ಸ ,’: ಮರಳಿ ಮನೆಗೆ. ಹೊಸತೇನೂ ಬೇಡ. ಮಂದ್ರವನ್ನು ‘.ಪ’ದ ಕೆಳಗೆ ಇನ್ನೊಮ್ಮೆ ಮುಟ್ಟಿದರೆ ಸಾಕು.

ಎರಡನೆಯ ಸಾಲು

‘.ನಿ , ಸ ರಿ | ಮ , ರಿ .ನಿ’: ಇಡೀ ಮಟ್ಟು ಒಂದು ಸ್ವರ ಕೆಳಕ್ಕೆ ಜಾರಿ ಅಲ್ಲೇ ತಳವೂರುತ್ತದೆ. ಸ್ಕಾಟ್ಲೆಂಡಿನ ಮಟ್ಟುಗಳನ್ನು ಎರಡು ನಿಮಿಷ ಕೇಳಿದರೆ ಗುರುತಿಗೆ ಬರುವ ಲಕ್ಷಣ ಇದು: ಒಂದು ಆಧಾರ ಷಡ್ಜ, ಇನ್ನೊಂದು ಆಧಾರ ಅದರ ಕೆಳಗಿನ ಕೈಶಿಕಿ ನಿಷಾದ. ಮಟ್ಟು ಇವೆರಡರ ನಡುವೆ ತೂಗುತ್ತದೆ. ಜೋಡಿ ಆಧಾರ ಎನ್ನೋಣ. ಬ್ಯಾಗ್‌ಪೈಪಿನ ಕೊಳಲಿಗೆ ಇರುವುದು ಒಂಬತ್ತೇ ಸ್ವರ. ಅದರಲ್ಲಿ ಅತ್ಯಂತ ಕೆಳಗಿನದು ಆಧಾರ ಸ್ವರಕ್ಕಿಂತ ಒಂದು ಪೂರ್ಣಸ್ವರ ಕೆಳಗೆ. ಪೈಪ್ ನುಡಿಸುವವರ ಮಟ್ಟುಗಳಲ್ಲಿ ಈ ತೂಗಾಟ ತುಂಬಿ ತುಳುಕುವುದಕ್ಕೂ ಅದಕ್ಕೂ ನಂಟಿದೆ.

ಮ, ರಿ, ನಿ ಇವು ಸುಮ್ಮನೆ ಇಳಿಯುವ ಸ್ವರಗಳಲ್ಲ. ನಿಷಾದವನ್ನು ಆಧಾರವಾಗಿ ಹಿಡಿದರೆ ರಿಷಭ ಅದರ ಅಂತರ ಗಾಂಧಾರ, ಮಧ್ಯಮ ಅದರ ಪಂಚಮ. ಅಂದರೆ ಪೂರ್ಣ ಮೇಜರ್ ಕಾರ್ಡ್, ಮಟ್ಟಿನ ಬಾಯಿಂದಲೇ ಬಂದದ್ದು. ಷಡ್ಜದ ಮೇಲೆ ಮಟ್ಟು ಗಾಂಧಾರವನ್ನು ಬಚ್ಚಿಟ್ಟಿತು. ನಿಷಾದದ ಮೇಲೆ ಎಲ್ಲವನ್ನೂ ಬಿಚ್ಚಿಟ್ಟಿತು. ಆದ್ದರಿಂದ ಇಲ್ಲಿ ಸ್ವರ ತುಂಬಲು ಹಿಂಜರಿಕೆ ಬೇಡ. ನಾಲ್ಕನೆಯ ಜೋಡಿ ಖಾಲಿ, ಅದು ನಿಷಾದ. ಮೂರನೆಯದು ಖಾಲಿ, ಅದು ರಿಷಭ. ಮೇಲೆ ಐದನೆಯ ಫ್ರೆಟ್ಟಿನಲ್ಲಿ ಮಟ್ಟಿನ ಮಧ್ಯಮ. ಒಂದೇ ಬೆರಳಿಗೆ ತುಂಬು ಕಾರ್ಡ್. ಬೋಳಾದ ಮೊದಲ ಸಾಲಿನ ಹಿಂದೆಯೇ ಇದು ಬಂದಾಗ ಕೋಣೆಯ ಕಿಟಕಿ ತೆರೆದ ಹಾಗಾಗುತ್ತದೆ. ಮೊದಲ ಸಾಲಿಗೆ ಗಾಂಧಾರ ತುಂಬಿದ್ದವರಿಗೆ ಈ ವ್ಯತ್ಯಾಸ ಸಿಗುವುದೇ ಇಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಮೊದಲ ಸಾಲಿನ ಕೊನೆ ಷಡ್ಜದ ಕೆಳಗೆ ಷಡ್ಜ. ಎರಡನೆಯದರ ಮೊದಲು ನಿಷಾದದ ಕೆಳಗೆ ಏಳನೆಯ ಜೋಡಿಯ ನಿಷಾದ. ಮೇಲಿನದೂ ಕೆಳಗಿನದೂ ಕೈಕೈ ಹಿಡಿದು ಒಂದೇ ದಿಕ್ಕಿಗೆ ಇಳಿದವು. ಹಾರ್ಮನಿ ಪಾಠದ ಯಾವ ಪುಸ್ತಕ ತೆರೆದರೂ ಇದಕ್ಕೆ ಕೆಂಪು ಗೆರೆ: ಎರಡು ದನಿಗಳು ಅಷ್ಟಮದಲ್ಲಿ, ಅಂದರೆ ಸ್ಥಾಯಿಯ ಅಂತರದಲ್ಲಿ, ಜೊತೆಜೊತೆಯಾಗಿ ಸಾಗಬಾರದು. ನಿಯಮಕ್ಕೆ ಕಾರಣವಿದೆ. ನಾಲ್ಕು ದನಿ ನಾಲ್ಕು ಸ್ವತಂತ್ರ ಎಳೆಗಳಾಗಿ ಕೇಳಬೇಕಾದಲ್ಲಿ ಎರಡು ಒಂದಾಗಿಬಿಟ್ಟರೆ ಒಂದು ಎಳೆ ಕಡಿದಂತೆ. ನಮ್ಮಲ್ಲಿರುವುದು ನಾಲ್ಕು ದನಿಯಲ್ಲ, ಒಂದು ಮಟ್ಟು ಮತ್ತು ಅದರ ನೆರಳು. ಹೀಗಾಗಿ ಮೊದಲ ಸುತ್ತಿನಲ್ಲಿ ಹಾಗೇ ಬಿಡುತ್ತೇನೆ. ಎರಡನೆಯ ಸುತ್ತಿಗೆ ಬೇರೆ ದಾರಿ: ಆರನೆಯ ಜೋಡಿಯ ಎರಡನೆಯ ಫ್ರೆಟ್ ಒತ್ತಿ ಮಂದ್ರ ರಿಷಭವನ್ನು ನಿಷಾದದ ಕೆಳಗಿಡುವುದು. ಮೇಲಿನ ದನಿ ಇಳಿಯುವಾಗ ಕೆಳಗಿನದು ಏರುತ್ತದೆ. ಪುಸ್ತಕಕ್ಕೂ ಸಮಾಧಾನ, ಕಿವಿಗೂ ಹೊಸತು.

ಕೈಗೆ ಸಂಬಂಧಿಸಿದ ಇನ್ನೊಂದು ತೊಡಕು ಇಲ್ಲೇ ಇದೆ. ಮಂದ್ರ ಷಡ್ಜ ಖಾಲಿ ತಂತಿ, ಅದರ ಪಕ್ಕದ ಏಳನೆಯದೂ ಖಾಲಿ. ಖಾಲಿ ತಂತಿ ತಾನಾಗಿ ನಿಲ್ಲದು. ನಿಷಾದ ಮೀಟಿದ ಮೇಲೂ ಷಡ್ಜ ಗುಂಯ್‌ಗುಡುತ್ತಲೇ ಇದ್ದು ಎರಡೂ ಕಲಸಿಹೋಗುತ್ತವೆ. ಬರಿಯ ಕರುಳಿನ ತಂತಿಯಲ್ಲಿ ದನಿ ಬೇಗ ಅಡಗುವುದರಿಂದ ತೊಂದರೆ ಕಡಿಮೆ. ಲೋಹ ಸುತ್ತಿದ ಇಂದಿನ ತಂತಿಗಳಲ್ಲಿ ಹೆಬ್ಬೆರಳನ್ನು ಹಿಂದಕ್ಕೆ ತಂದು ಹಳೆಯ ಸ್ವರವನ್ನು ತಡೆಯಲೇಬೇಕು. ಅದನ್ನು ಅಭ್ಯಾಸ ಮಾಡದೆ ವೇದಿಕೆ ಹತ್ತಬಾರದು.

‘.ಪ , , ,’: ಅರ್ಧ ನಿಲುಗಡೆ. ಇಲ್ಲಿ ಎದುರಾಗುವ ಆಮಿಷ ಗಾಂಧಾರದ್ದಕ್ಕಿಂತ ದೊಡ್ಡದು. ಪಂಚಮದ ಮೇಲೆ ನಿಂತಾಗ ಪಂಚಮವನ್ನೇ ಆಧಾರವಾಗಿಸಿ ಅದರ ಮೇಜರ್ ಕಾರ್ಡ್ ಹಾಕಬೇಕೆಂದು, ಪಾಶ್ಚಾತ್ಯ ಶಿಕ್ಷಣ ಪಡೆದ ಕೈ ತುರಿಸುತ್ತದೆ. ಆ ಕಾರ್ಡಿಗೆ ಕಾಕಲಿ ನಿಷಾದ ಬೇಕು. ಕಾಕಲಿ ಬಂದರೆ ಷಡ್ಜದತ್ತ ಸೆಳೆತ ಹುಟ್ಟುತ್ತದೆ, ಆ ಸೆಳೆತದ ಮೇಲೆಯೇ ಹೈಡನ್ ಕಾಲದ ಸಂಗೀತದ ಇಡೀ ಕಟ್ಟಡ ನಿಂತಿದೆ. ಹದಿನೇಳನೆಯ ಶತಮಾನದ ಆಸ್ಥಾನ ಸಂಗೀತಗಾರರೂ ನಿಲುಗಡೆಯ ಜಾಗದಲ್ಲಿ ಸ್ವರ ಏರಿಸುವುದನ್ನು ಬಲ್ಲವರೇ; ಹಾಗಾಗಿ ಕಾಕಲಿ ಬಳಸಿದರೆ ಕಾಲದೋಷವೆಂದು ಯಾರೂ ಹೇಳಲಾರರು. ಆದರೆ ಈಗಷ್ಟೇ ಕೈಶಿಕಿಯ ಮೇಲೆ ತುಂಬು ಕಾರ್ಡ್ ಕಟ್ಟಿ ಅದನ್ನು ಎರಡನೆಯ ಮನೆಯಾಗಿಸಿದ್ದೇವೆ. ಒಂದು ಉಸಿರಿನಾಚೆಗೆ ಅದನ್ನು ಏರಿಸಿಬಿಟ್ಟರೆ ಆ ಮನೆ ಕುಸಿಯುತ್ತದೆ. ಐದನೆಯ ಜೋಡಿಯ ಎರಡನೆಯ ಫ್ರೆಟ್ ಒತ್ತಿ ಕೆಳಗಿನ ಪಂಚಮ, ಮೇಲೆ ಎರಡನೆಯ ಜೋಡಿ ಖಾಲಿಯಾಗಿ ಮಟ್ಟಿನ ‘.ಪ’. ಬರೀ ಅಷ್ಟಮ. ನಡುವೆ ಏನೂ ಬೇಡ.

ಮೂರನೆಯ ಸಾಲು

‘ಪ , ಮ ಪ’: ಮಟ್ಟಿನ ಎರಡನೆಯ ಅರ್ಧ ಮೇಲಿನ ಸ್ವರಗಳಲ್ಲಿ ಶುರುವಾಗುವುದು ವಾಡಿಕೆ. ಹಲವು ನಿಜ ಮಟ್ಟುಗಳು ಇಲ್ಲಿ ಇನ್ನೂ ಮೇಲೆ, ತಾರ ಷಡ್ಜದವರೆಗೆ ಹೋಗುತ್ತವೆ. ಪಿಟೀಲಿಗೆ ಅದು ಆಟ. ಲ್ಯೂಟಿನಲ್ಲಿ ಕಟ್ಟಿದ ಫ್ರೆಟ್ಟುಗಳು ಸುಮಾರು ಎಂಟಕ್ಕೆ ಮುಗಿಯುತ್ತವೆ, ಆಚೆಗೆ ಹೊಟ್ಟೆಯ ಹಲಗೆಗೆ ಅಂಟಿಸಿದ ಮರದ ಚೂರುಗಳು. ದನಿ ಅಲ್ಲಿ ಕಿರಿದಾಗುತ್ತದೆ. ಅಂಥ ಮಟ್ಟು ಸಿಕ್ಕರೆ ಷಡ್ಜವನ್ನು ಎರಡನೆಯ ಜೋಡಿಗೆ ಇಳಿಸುವುದು ವಿವೇಕ. ಈ ಭಾಗಕ್ಕೆ ಪಕ್ಕವಾದ್ಯ ಕೊಡುವುದಿಲ್ಲ. ಒಂಟಿ ದನಿ ಇರಲಿ.

‘ಮ ರಿ , ,’ ಮತ್ತು ‘ರಿ ಸ , ,’: ಮೊದಲ ಸ್ವರ ಗಿಡ್ಡ, ಎರಡನೆಯದು ಅದರ ಮೂರುಪಟ್ಟು ಉದ್ದ, ಒತ್ತು ಮಾತ್ರ ಗಿಡ್ಡ ಸ್ವರಕ್ಕೆ. ಸ್ಕಾಚ್ ಸ್ನ್ಯಾಪ್ ಎಂದು ಜಗತ್ತೇ ಕರೆಯುವ ಈ ತಿರುವು-ಮುರುವು ಲಯ ಮೈತುಂಬಿ ಕಾಣುವುದು ಹದಿನೆಂಟನೆಯ ಶತಮಾನದ ಸ್ಟ್ರಾತ್‌ಸ್ಪೇ ಕುಣಿತಗಳಲ್ಲಿ, ನೀಲ್ ಗೌನಂಥ ಪಿಟೀಲುಗಾರರ ಕೈಯಲ್ಲಿ. ಅಷ್ಟು ಹೊತ್ತಿಗೆ ಲ್ಯೂಟ್ ಮೂಲೆ ಸೇರುತ್ತಿತ್ತು. ಲ್ಯೂಟಿನ ಮಟ್ಟಿಗೆ ಸ್ನ್ಯಾಪ್ ಹಾಕುವವನು ತುಸು ಮುಂದಿನ ಕಾಲದ ಪದಾರ್ಥವನ್ನು ಹಿಂದಕ್ಕೆ ಒಯ್ಯುತ್ತಿರಬಹುದು ಎಂಬ ಎಚ್ಚರ ಇರಬೇಕು. ಮಿತವಾಗಿದ್ದರೆ ಒಪ್ಪುತ್ತದೆ, ಪ್ರತಿ ಭಾಗಕ್ಕೂ ಹಾಕಿದರೆ ಪ್ರವಾಸಿಗರಿಗೆ ಮಾರುವ ಚೌಕಳಿ ಬಟ್ಟೆ.

ನುಡಿಸುವ ಬಗೆ. ಅಂದಿನ ಲ್ಯೂಟ್‌ವಾದಕರು ಮಟ್ಟನ್ನು ಹೆಬ್ಬೆರಳು ತೋರುಬೆರಳುಗಳನ್ನು ಒಂದರ ಹಿಂದೊಂದು ಬಳಸಿ ಮೀಟುತ್ತಿದ್ದರು. ಹೆಬ್ಬೆರಳಿನದು ಭಾರದ ಪೆಟ್ಟು, ತೋರುಬೆರಳಿನದು ಹಗುರ. ಫ್ರೆಟ್ಟುಗಳನ್ನು ಅಕ್ಷರಗಳಲ್ಲಿ ಗುರುತಿಸುವ ಟ್ಯಾಬ್ಲೇಚರ್ ಲಿಪಿಯಲ್ಲಿ ಅಕ್ಷರದ ಕೆಳಗೊಂದು ಚುಕ್ಕೆಯಿದ್ದರೆ ತೋರುಬೆರಳು ಎಂದು ಅರ್ಥ. ಸ್ನ್ಯಾಪಿನ ಗಿಡ್ಡ ಸ್ವರಕ್ಕೆ ಭಾರದ ಪೆಟ್ಟು ಬೀಳಲಿ. ಉದ್ದ ಸ್ವರವನ್ನು ಬಲಗೈ ಮುಟ್ಟುವುದೇ ಬೇಡ. ‘ರಿ ಸ’ದಲ್ಲಿ ರಿಷಭ ಎರಡನೆಯ ಫ್ರೆಟ್, ಷಡ್ಜ ಖಾಲಿ, ಎಡಗೈ ಬೆರಳನ್ನು ತುಸು ಸೆಳೆದು ಎತ್ತಿದರೆ ಷಡ್ಜ ತಾನೇ ನುಡಿಯುತ್ತದೆ. ‘ಮ ರಿ’ಯಲ್ಲಿ ಕಿರುಬೆರಳು ಐದನೆಯ ಫ್ರೆಟ್ಟಿನಲ್ಲಿ, ತೋರುಬೆರಳು ಎರಡನೆಯದರಲ್ಲಿ ಮೊದಲೇ ಕೂತಿರಲಿ.

ಮಂದ್ರ ಎಲ್ಲಿ ಬೀಳಬೇಕು? ಗಿಡ್ಡ ಸ್ವರದ ಜೊತೆಗೇ. ‘ರಿ ಸ’ದಲ್ಲಿ ಹಾಗೆ ಮಾಡಿದರೆ ರಿಷಭ ಮಂದ್ರ ಷಡ್ಜದೊಡನೆ ಕ್ಷಣಕಾಲ ಉಜ್ಜುತ್ತದೆ. ಆ ಉಜ್ಜಾಟ ತಪ್ಪಿಸಲು ಮಂದ್ರವನ್ನು ಷಡ್ಜ ಬರುವವರೆಗೆ ತಡೆದಿಟ್ಟವರ ಏರ್ಪಾಡುಗಳನ್ನು ನುಡಿಸಿ ನೋಡಿ. ಒತ್ತು ಉದ್ದ ಸ್ವರಕ್ಕೆ ಸರಿದು, ಸ್ನ್ಯಾಪ್ ಸತ್ತು, ಸಾದಾ ಅಲಂಕಾರವಾಗಿ ಉಳಿದಿರುತ್ತದೆ.

‘ಪ , ಮ ರಿ’: ಷಡ್ಜದ ಆಧಾರ. ಹೇಳುವುದಕ್ಕೇನಿಲ್ಲ.

ನಾಲ್ಕನೆಯ ಸಾಲು

‘.ನಿ , ಸ ರಿ | ಮ , ರಿ .ನಿ’: ಎರಡನೆಯ ಸಾಲಿನ ಮೊದಲರ್ಧವೇ ಮರಳಿ ಬಂದಿದೆ. ಮಟ್ಟು ಮರಳಿದರೂ ಪಕ್ಕವಾದ್ಯ ಹಾಗೇ ಮರಳಬೇಕಿಲ್ಲ. ಬ್ಯಾಗ್‌ಪೈಪಿನಲ್ಲಿ ಮಟ್ಟು ನಿಷಾದಕ್ಕೆ ಇಳಿದಾಗಲೂ ಶ್ರುತಿಯ ಕೊಳವೆಗಳು ಹಿಡಿದ ಷಡ್ಜವನ್ನು ಬಿಡುವುದಿಲ್ಲ. ತಂಬೂರಿಯ ಮುಂದೆ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲ್ಯೂಟಿಗೆ ಎರಡು ದಾರಿಯೂ ತೆರೆದಿವೆ: ಮಂದ್ರವನ್ನು ನಿಷಾದಕ್ಕೆ ಇಳಿಸಬಹುದು, ಷಡ್ಜದಲ್ಲೇ ನಿಲ್ಲಿಸಲೂಬಹುದು. ಎರಡನೆಯ ಸಾಲಿನಲ್ಲಿ ಇಳಿಸಿದ್ದರಿಂದ ಇಲ್ಲಿ ನಿಲ್ಲಿಸಿ ನೋಡುವುದು ನನಗಿಷ್ಟ. ಕೆಳಗೆ ಷಡ್ಜ, ಮೇಲೆ ಕೈಶಿಕಿ, ಬಿಗಿ ಬರುತ್ತದೆ. ‘ಮ’ದಲ್ಲಿ ನಾಲ್ಕನೆಯ ಜೋಡಿಯ ನಿಷಾದ ಮೀಟಿ ಬಿಗಿಯನ್ನು ಸಡಿಲಿಸಬಹುದು.

ಮಟ್ಟಿನ ಮರುಕಳಿಕೆಯನ್ನು ಹೇಗೆ ಬದಲಿಸುತ್ತಿದ್ದರು ಎಂಬುದಕ್ಕೆ ಹಸ್ತಪ್ರತಿಗಳಲ್ಲೇ ಉತ್ತರಗಳಿವೆ, ಒಂದೇ ಉತ್ತರವಲ್ಲ. ಏರ್‌ಶೈರಿನ ಕವಿ ಸರ್ ವಿಲಿಯಂ ಮ್ಯೂರನ ರೋವಲನ್ ಪುಸ್ತಕದ್ದೂ, ಭೂಪಟಕಾರ ರಾಬರ್ಟ್ ಗಾರ್ಡನ್ನನ ಸ್ಟ್ರಾಲಾಕ್ ಪುಸ್ತಕದ್ದೂ ತೆಳು ನೇಯ್ಗೆ. 1627ರಿಂದ 1629ರ ನಡುವೆ ಬರೆದ ಸ್ಟ್ರಾಲಾಕ್‌ನ ಮೂಲ ಕಾಣೆಯಾಗಿದೆ. 1839ರಲ್ಲಿ ಜಾರ್ಜ್ ಫರ್ಕರ್ ಗ್ರಹಾಂ ಅದರ ಒಂದು ಭಾಗವನ್ನು ನಕಲು ಮಾಡಿಟ್ಟಿದ್ದರಿಂದ ನಮಗೆ ಅಷ್ಟಾದರೂ ದಕ್ಕಿತು. 1640ರ ದಶಕದಲ್ಲಿ ಲೇಡಿ ಮಾರ್ಗರೆಟ್ ವೀಮ್ಸ್ ಎಂಬ ಎಳೆಯ ಹುಡುಗಿ ಇಟ್ಟುಕೊಂಡಿದ್ದ ಪುಸ್ತಕದ ಹೊತ್ತಿಗೆ ಫ್ರಾನ್ಸಿನ ಹೊಸ ಶ್ರುತಿಗಳು ಬಂದಾಗಿದ್ದವು. 1700ರ ಆಸುಪಾಸಿನ ಬಾಲ್ಕರಸ್ ಪುಸ್ತಕ ಇವೆಲ್ಲಕ್ಕಿಂತ ದೊಡ್ಡದು, ಇನ್ನೂರೈವತ್ತಕ್ಕೂ ಹೆಚ್ಚು ರಚನೆ, ಹನ್ನೊಂದು ಜೋಡಿಯ ಲ್ಯೂಟಿಗೆ. ಅಲ್ಲಿ ಬೆಕ್ ಎಂಬಾತ ಕೂರಿಸಿದ ಮಟ್ಟುಗಳಲ್ಲಿ ಮಂದ್ರದ ಜೋಡಿಗಳಿಗೆ ಕೈತುಂಬ ಕೆಲಸ, ಮಟ್ಟಿನ ಸ್ವರಗಳೂ ಒಡೆದು ಮಣಿಗಳಾಗಿವೆ. ತೆಳುವೇ ಸರಿ, ದಟ್ಟವೆಲ್ಲ ಕೇಡು ಎಂದು ನಾನು ವಾದ ಹೂಡಿದ್ದರೆ ಬಾಲ್ಕರಸ್ ಅದನ್ನು ಮುರಿಯುತ್ತದೆ. ಬೆಕ್‌ನ ಶ್ರುತಿ ಬೇರೆ, ಖಾಲಿ ತಂತಿಗಳು ಕೊಡುವ ಸ್ವರಗಳು ಬೇರೆ. ಅವನೂ ತನ್ನ ವಾದ್ಯದ ಖಾಲಿ ತಂತಿಗಳನ್ನೇ ನೆಚ್ಚಿದ್ದಾನೆ. ಅವನಿಗೆ ಅವು ಹೆಚ್ಚು ಇದ್ದವು.

‘ಸ , .ನಿ ಸ | ರಿ , , ,’: ಷಡ್ಜ ಮುಟ್ಟಿಯೂ ನಿಲ್ಲದೆ ರಿಷಭಕ್ಕೆ ಹತ್ತಿ ಅಲ್ಲಿ ಮುಗಿಯುತ್ತದೆ. ಹೀಗೆ ಮನೆಯ ಹೊರಗೆ ನಿಲ್ಲುವ ಮಟ್ಟುಗಳು ಸ್ಕಾಟ್ಲೆಂಡಿನಲ್ಲಿ ಬೇಕಾದಷ್ಟು. ಕುಣಿತ ನಿಲ್ಲಬಾರದಲ್ಲ, ಅದಕ್ಕೇ ಮಟ್ಟು ತನ್ನ ಬಾಲದಿಂದ ತನ್ನ ತಲೆಯನ್ನು ಹಿಡಿಯುತ್ತದೆ. ನಡುವಿನ ಸುತ್ತುಗಳಲ್ಲಿ ರಿಷಭದ ಕೆಳಗೆ ನಾಲ್ಕನೆಯ ಜೋಡಿಯ ನಿಷಾದವನ್ನೂ ಮೂರನೆಯದರ ರಿಷಭವನ್ನೂ ಖಾಲಿಯಾಗಿ ಮೀಟಿದರೆ ಎರಡನೆಯ ಆಧಾರದ ಕಾರ್ಡ್ ಆಯಿತು. ಅದರ ಬೆನ್ನಿಗೇ ಮೊದಲ ಸಾಲಿನ ಬೋಳು ಷಡ್ಜ ಬರುತ್ತದೆ.

ಕೊನೆಯ ಸುತ್ತಿಗೆ ಏನು ಮಾಡಬೇಕು? ರಿಷಭ ಮುಗಿದ ಮೇಲೆ ಒಂದು ಷಡ್ಜದ ಕಾರ್ಡ್ ಅಂಟಿಸಿ ಸಭೆಗೆ ‘ಮುಗಿಯಿತು’ ಎಂದು ತಿಳಿಸುವವರಿದ್ದಾರೆ. ನನಗೆ ಅದು ಸಲ್ಲದು. ಮೊದಲ ಸಾಲಿಗೆ ಮರಳಿ ಅದರ ಮೊದಲ ಷಡ್ಜದ ಮೇಲೆ ನಿಲ್ಲುವುದು ಎರಡನೆಯ ಉಪಾಯ, ಕುಣಿಯುವವರು ಎದುರಿಗಿದ್ದರೆ ಅದೇ ಸರಿ. ಕೂತು ಕೇಳುವವರ ಮುಂದಾದರೆ ನಾನು ರಿಷಭದಲ್ಲೇ ಬಿಡುತ್ತೇನೆ, ನಿಷಾದವನ್ನೂ ತೆಗೆದು: ಒಂದನೆಯ ತಂತಿಯ ಎರಡನೆಯ ಫ್ರೆಟ್, ಮೂರನೆಯ ಜೋಡಿ ಖಾಲಿ, ಬರೀ ಎರಡು ರಿಷಭ. ಅದಕ್ಕೆ ಮೊದಲು ಆರನೆಯ ಜೋಡಿಯ ಷಡ್ಜವನ್ನು ಹೆಬ್ಬೆರಳಿನಿಂದ ತಡೆಯಲು ಮರೆಯಬಾರದು. ಅದು ಉಳಿದರೆ ಕೇಳುಗರು ಷಡ್ಜವನ್ನೇ ಕೇಳುತ್ತಾರೆ.